ಲೇಔಟಿನಲ್ಲಿ ಉಳಿದ ಐದು ಕಲ್ಲು

ನಮ್ಮ ಲೇಔಟಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ನಳದ ನೀರು ಯಾವಾಗ ಬರುತ್ತದೆ ಎಂದು. ಎರಡನೆಯದು, ಹಿಟ್ಟಿನ ಗಿರಣಿ ಎಲ್ಲಿದೆ ಎಂದು. ಮೊದಲನೆಯ ಪ್ರಶ್ನೆಗೆ ಖಚಿತವಾಗಿ ಉತ್ತರ ಕೊಡುವವರು ಇನ್ನೂ ಹುಟ್ಟಿಲ್ಲ. ಎರಡನೆಯದಕ್ಕೆ ಉತ್ತರ ನಾನೇ. ಹಳಿಯಾಳದಿಂದ ದಾಂಡೇಲಿ ಕಡೆಗೆ ಹೋಗುವ ರಸ್ತೆಯಲ್ಲಿ ಊರು ಮುಗಿಯುತ್ತಾ ಬಂದಾಗ ಎಡಕ್ಕೆ ತಿರುಗಿದರೆ ಎರಡನೇ ಅಡ್ಡರಸ್ತೆಯ ಮೊದಲ ಮನೆ. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದಿನ ಎರಡು ಕೋಣೆಯಲ್ಲಿ ನಾನು. ಎಲ್ಲರೂ ನನ್ನನ್ನು ಗಿರಣಿ ಅಕ್ಕಾರು ಎನ್ನುತ್ತಾರೆ. ನನ್ನ ಬಾಯಿ ದೊಡ್ಡದು ಅಂತಲೂ ಎನ್ನುತ್ತಾರೆ. ವರ್ಷಗಟ್ಟಲೆ ಗಿರಣಿ ಸದ್ದಿನ ಮೇಲೆ ಮಾತಾಡಿದವರ ಬಾಯಿ ಸಣ್ಣದಾಗಿರಲು ಸಾಧ್ಯವೇ?

ಬಾಯಿ ದೊಡ್ಡದಿದ್ದದ್ದು ಒಳ್ಳೆಯದೇ ಆಯಿತು. ಇಲ್ಲಿ ಒಂದೊಂದು ದೀಪದ ಕಂಬದ ಹಿಂದೆಯೂ ಒಂದೊಂದು ಓಡಾಟವಿದೆ. ನಾವು ಮನೆ ಕಟ್ಟಿಸಿದಾಗ ರಸ್ತೆ ಎಂದರೆ ಎರಡು ಬದುಗಳ ನಡುವಿನ ಕೆಸರು. ಗಟಾರ ಇರಲಿಲ್ಲ, ಕಸದ ಗಾಡಿ ಇತ್ತ ತಿರುಗಿಯೂ ನೋಡುತ್ತಿರಲಿಲ್ಲ, ಬಸ್ಸು ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. ಜೋಳ ಬೀಸಿಸಲು ಬಂದ ಹೆಂಗಸರನ್ನು ನಾನು ಬರೀ ಹಿಟ್ಟು ಕೊಟ್ಟು ಕಳಿಸುತ್ತಿರಲಿಲ್ಲ. ಡಬ್ಬಿ ಇಲ್ಲೇ ಇರಲಿ, ನಡೀರಿ ಆಫೀಸಿಗೆ ಹೋಗಿ ಬರೂಣು ಎಂದು ಹೊರಡಿಸುತ್ತಿದ್ದೆ. ಹೀಗೆ ಕಂಬ ಬಂತು, ಗಟಾರ ಬಂತು, ಕೊನೆಗೆ ಬಸ್ಸೂ ನಿಲ್ಲತೊಡಗಿತು. ಉಳಿದದ್ದು ಒಂದು ಅಂಗನವಾಡಿ.

ಅದು ಬೇಕೇ ಬೇಕು ಎಂದು ನಾನು ಹಟ ಹಿಡಿದದ್ದು ಎದುರು ಮನೆಯ ಹುಡುಗಿಗಾಗಿ. ಹುಡುಗಿ ಎಂದರೆ ಮೂರು ವರ್ಷದ ಮಗಳ ತಾಯಿ. ಕಾಡಂಚಿನ ಹಳ್ಳಿಯ ಸಿದ್ದಿ ಮನೆತನದವಳು. ಗಂಡ ಲಾರಿ ಡ್ರೈವರ್, ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಇವಳು ದಾಂಡೇಲಿ ರಸ್ತೆಯ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನ ಬಸ್ಸಿಗೆ ಹೊರಡುವ ಮುಂಚೆ ಮಗಳನ್ನು ನನ್ನ ಕಟ್ಟೆಯ ಮೇಲೆ ಕೂಡಿಸಿ ಹೋಗುತ್ತಿದ್ದಳು, ಸಂಜೆಯ ಮುಂಚೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಗಿರಣಿ ಶುರುವಾಗುವ ತನಕ ಚಿಂತೆಯಿರಲಿಲ್ಲ. ಶುರುವಾದ ಮೇಲೆ ನನ್ನ ಜೀವ ಕೈಯಲ್ಲಿ. ಒಂದು ದಿನ ನಾನು ಹಿಟ್ಟಿನ ಚೀಲ ಕಟ್ಟುತ್ತಿದ್ದಾಗ ಆ ಕೂಸು ಮೋಟಾರಿನಿಂದ ಗಿರಣಿಗೆ ತಿರುಗುವ ಪಟ್ಟಾದ ಹತ್ತಿರ ಹೋಗಿ ನಿಂತಿತ್ತು. ಫ್ರಾಕಿನ ಅಂಚು ಪಟ್ಟಾಕ್ಕೆ ತಾಗುವುದರಲ್ಲಿತ್ತು. ಮೇನ್ ಸ್ವಿಚ್ ಆರಿಸಿ ಅದನ್ನು ಎತ್ತಿಕೊಂಡೆ. ಅವತ್ತು ಮತ್ತೆ ಗಿರಣಿ ಹಚ್ಚಲಿಲ್ಲ.

ಹತ್ತಿರದ ಅಂಗನವಾಡಿ ಇರುವುದು ದೊಡ್ಡ ರಸ್ತೆ ದಾಟಿ ಊರೊಳಗೆ. ಮರದ ಲಾರಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯದು. ಗಿರಣಿ ಬಿಟ್ಟು ದಿನಾ ಅಲ್ಲಿಗೆ ಬಿಟ್ಟು ಕರೆತರುವುದು ನನ್ನಿಂದ ಆಗದ ಮಾತು. ಹುಡುಗಿಯ ಅತ್ತೆ ಹಳ್ಳಿಯಿಂದ ಹೇಳಿ ಕಳಿಸುತ್ತಲೇ ಇದ್ದರು, ಕೂಸನ್ನು ನನ್ನ ಹತ್ತಿರ ಬಿಡು, ನೀನು ದುಡಿ ಎಂದು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹಾಗೆ ಕಳಿಸಿದರೆ ತಾಯಿ ಮಗಳ ಮುಖ ನೋಡುವುದು ಹಬ್ಬ ಹುಣ್ಣಿಮೆಗೆ ಮಾತ್ರ. ಅದಕ್ಕೇ ನಾನು ಎಲ್ಲಾ ತಾಯಂದಿರನ್ನೂ ಕೂಡಿಸಿಕೊಂಡು ಅರ್ಜಿ ಹಿಡಿದು ಓಡಾಡಿದೆ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅಂಗನವಾಡಿ ಮಂಜೂರಾಯಿತು. ಲೇಔಟಿನ ನಡುವೆ ಸಾರ್ವಜನಿಕ ಕೆಲಸಕ್ಕೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಕಟ್ಟಡ ಬರಬೇಕು ಎಂದಾಯಿತು. ಇನ್ನೇನು ಗೆದ್ದೆವು ಎಂದು ನಾನು ಎಲ್ಲರಿಗೂ ಚಹಾ ಮಾಡಿ ಕೊಟ್ಟೆ.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಐದು ಕಲ್ಲು ಆರಿಸಿ ಸಾಲಾಗಿ ಇಟ್ಟು, ಪಾಂಡವರು ಎಂದು ಪೂಜೆ ಮಾಡಿ, ಬುತ್ತಿಯದೇ ಒಂದಿಷ್ಟು ಬೆಳೆಗೆಲ್ಲ ಎರಚಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ನಾನು ಹುಟ್ಟಿದ್ದು ಚಿಗಳ್ಳಿಯಲ್ಲಿ, ಉಳುವವರ ಮನೆಯಲ್ಲಿ. ಈ ಊಟ ತಪ್ಪಿದರೆ ವರ್ಷವೇ ಖಾಲಿ ಅನ್ನಿಸುತ್ತದೆ. ಆದರೆ ಲೇಔಟಿನಲ್ಲಿ ಹೊಲ ಎಲ್ಲಿಂದ ತರುವುದು? ಗಿರಣಿಯಲ್ಲಿ ಈ ಮಾತು ಬಂದಾಗ ಮೂಲೆಮನೆಯ ಮುದುಕರು, ನಾನು ಕಾಕಾರ ಎಂದು ಕರೆಯುವವರು, ಹೇಳಿದರು:

"ಹೊಲಾ ಇಲ್ಲಂತ ಯಾಕಂತೀರಿ? ನೀವೆಲ್ಲಾ ಮನೀ ಕಟ್ಟಿದ್ದು ನನ್ನ ಹೊಲದಾಗನ. ಆ ಖಾಲಿ ಜಾಗಾ ಅಷ್ಟ ಉಳದೈತಿ. ಅಲ್ಲೇ ಹೋಗೂಣು."

ನಿಜ. ಈ ನೆಲವೆಲ್ಲ ಅವರದೇ ಆಗಿತ್ತು. ಹೆಣ್ಣುಮಕ್ಕಳ ಮದುವೆ ಮುಗಿದ ಮೇಲೆ, ಉಳುವ ಕಸುವು ಇಳಿದ ಮೇಲೆ ಅವರು ಅದನ್ನು ಲೇಔಟಿಗೆ ಮಾರಿ, ಅದರ ಮೂಲೆಯಲ್ಲೇ ಮನೆ ಕಟ್ಟಿಕೊಂಡಿದ್ದರು.

ಅವತ್ತಿನಂಥ ಊಟ ನಮ್ಮ ಲೇಔಟಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಕಲ್ಲು ಆರಿಸಿದವಳು ನಾನೇ. ಗಟಾರ ತೋಡಿದಾಗ ಎದ್ದ ಮಣ್ಣಿನ ಗುಪ್ಪೆಯಲ್ಲಿ ನುಣುಪಾದ ಐದು ಸಿಕ್ಕವು. ಸುಣ್ಣ ಹಚ್ಚಿ, ಕುಂಕುಮ ಇಟ್ಟೆವು. ಕಡುಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಮೂರನೇ ಅಡ್ಡರಸ್ತೆಯ ಸಾಬರ ಮನೆಯವರು ಶೀರಾ ತಂದರು. ಎದುರು ಮನೆಯ ಹುಡುಗಿ ರಜೆ ಹಾಕಿ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಉಂಡಳು. ಕಾಕಾ ಹುಲ್ಲು ಬೆಳೆದ ಆ ಜಾಗದ ಸುತ್ತ ಚರಗ ಚೆಲ್ಲುತ್ತಾ ಹೊಲದಲ್ಲಿ ಕೂಗುವಂತೆಯೇ ಕೂಗಿದರು. ಪಾತ್ರೆ ಎತ್ತಿಕೊಂಡು ನಾವೆಲ್ಲ ಮನೆಗೆ ಬಂದೆವು. ಕಲ್ಲು ಅಲ್ಲೇ ಬಿಟ್ಟು ಬಂದೆವು, ಏಕೆಂದರೆ ಹಾಗೆ ಬಿಟ್ಟು ಬರುವುದೇ ಪದ್ಧತಿ.

ಮುಂದಿನ ಸೋಮವಾರ ಯಾರೋ ಆ ಕಲ್ಲಿಗೆ ಹೂ ಏರಿಸಿದ್ದರು. ನಾನು ನೋಡಿ ನಕ್ಕೆ. ಆಮೇಲೆ ಎಣ್ಣೆದೀಪ ಬಂತು. ಮಳೆಗೆ ದೀಪ ಆರಬಾರದೆಂದು ಕಾಕಾ ತಮ್ಮ ಹಳೆಯ ದನದ ಕೊಟ್ಟಿಗೆಯ ತಗಡು ತಂದು ನಾಲ್ಕು ಕಂಬ ನೆಟ್ಟರು. ನಮ್ಮ ಓಣಿಯ ಗೆಳೆಯರ ಬಳಗದ ಹುಡುಗರು ಗಂಟೆ ಕಟ್ಟಿದರು. ಶಿವರಾತ್ರಿಗೆ ಅಲ್ಲಿ ಭಜನೆಯೂ ಆಯಿತು, ಭಜನೆಯಲ್ಲಿ ತಾಳ ಹಿಡಿದವಳು ನಾನೇ. ಯಾರೂ ಕೂತು ಗುಡಿ ಕಟ್ಟೋಣ ಎಂದು ಮಾತಾಡಲಿಲ್ಲ. ಅದು ತಾನೇ ತಾನಾಗಿ ಗುಡಿಯಾಯಿತು.

ಬೇಸಿಗೆಯಲ್ಲಿ ಇಂಜಿನಿಯರ್ ಸಾಹೇಬರು ಕಟ್ಟಡಕ್ಕೆ ಸುಣ್ಣದ ಗೆರೆ ಹಾಕಲು ಬಂದರು. ಗಂಟೆ ನೋಡಿದರು, ತಗಡು ನೋಡಿದರು, ಬೂಟು ಬಿಚ್ಚಿ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಲ್ಲೇ ಗುಡಿ ಐತೆಲ್ರಿ, ನಾ ಹೆಂಗ ಗೆರಿ ಹಾಕ್ಲಿ? ನೀವ ನೀವ ಮಾತಾಡಿ ಜಾಗಾ ಬಿಡಿಸಿ ಕೊಡ್ರಿ. ಶನಿವಾರ ಮತ್ತ ಬರ್ತೇನಿ. ಆಗಲಿಲ್ಲಂದ್ರ ಬ್ಯಾರೆ ಕಡೆ ಜಾಗಾ ತಯಾರ ಐತಿ, ಅಂಗನವಾಡಿ ಅಲ್ಲಿಗೆ ಹೋಗ್ತೈತಿ."

ಅವರದೇನೂ ತಪ್ಪಿರಲಿಲ್ಲ. ಎದುರು ಮನೆಯ ಹುಡುಗಿ ಕೆಲಸ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಸುದ್ದಿ ಅವಳಿಗೆ ಮುಟ್ಟಿತ್ತು.

"ಅಕ್ಕಾ, ನಾ ಅತ್ತಿಯವರಿಗೆ ಫೋನ್ ಮಾಡೀನಿ. ರವಿವಾರ ಬಂದು ಇಕಿನ್ನ ಕರ್ಕೊಂಡ ಹೋಗ್ತಾರ," ಎಂದಳು.

ಬೇಳೆ ಬೇಯಲಿಟ್ಟಿದ್ದೇನೆ ಎನ್ನುವಷ್ಟೇ ಸಾದಾ ಆಗಿ ಹೇಳಿದಳು. ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ. ಅಳಲಿಲ್ಲವಾದ್ದರಿಂದ ನನಗೆ ಸಿಟ್ಟು ನೆತ್ತಿಗೇರಿತು. ಈ ಕೂಸು ಹಳ್ಳಿಗೆ ಹೋಗಕೂಡದು, ಅಂಗನವಾಡಿ ಇಲ್ಲಿಂದ ಕದಲಕೂಡದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಅವತ್ತೇ ತಗಡಿನ ಕೆಳಗೆ ಎಲ್ಲರನ್ನೂ ಕರೆದೆ. ಗೆಳೆಯರ ಬಳಗದವರು ಮರ್ಯಾದೆಯಿಂದಲೇ ಮಾತಾಡಿದರು.

"ಕೂತ ದೇವರ್ನ ಎಬ್ಬಿಸಬಾರದ್ರಿ ಅಕ್ಕಾರ."

"ಕೂಡಿಸಿದವರು ಯಾರು? ಪಾಂಡವರು ವನವಾಸದವರು. ಒಂದಿನ ಬಂದು ಉಂಡು ಹೋಗವರ್ನ ಹಿಡದು ತಗಡಿನ ಕೆಳಗ ಕೂಡಿಸೀರಿ. ಅವರಿಗಾದ್ರೂ ಸೆಕಿ ಆಗೂದಿಲ್ಲೇನು?" ಎಂದೆ.

ಹೆಂಗಸರು ನಕ್ಕರು. ಹುಡುಗರಲ್ಲೂ ಒಬ್ಬಿಬ್ಬರು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಎದ್ದು, ದೀಪದ ಬತ್ತಿ ಸರಿಮಾಡಿ, ಯಾರ ಮುಖವನ್ನೂ ನೋಡದೆ ಮನೆಗೆ ಹೋದರು. ಅವರು ಒಪ್ಪದೆ ಯಾರೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ಅಲ್ಲಿ ನೀರು ಹಾಕಿ ಗುಡಿಸುತ್ತಿದ್ದವರು ಅವರೇ.

ಮರುದಿನ ಗಿರಣಿಗೆ ಬೀಗ ಹಾಕಿ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಬರ್ರಿ ಎನ್ನಲಿಲ್ಲ. ನಾನೇ ಕೂತೆ.

"ನೋಡವಾ ತಂಗಿ," ಎಂದರು, "ನಿಮಗೆಲ್ಲಾ ಇಲ್ಲಿ ಒಂದೊಂದ ಸೈಟ್ ಐತಿ. ನನಗ ಹೊಲಾ ಅಂತ ಉಳದದ್ದು ಆ ಕಲ್ಲ ಇಟ್ಟಷ್ಟ ಜಾಗಾ. ಅದನ್ನೂ ಕೇಳಾಕ ಬಂದಿಯೇನು?"

ಇಷ್ಟು ದಿನ ನಾನು ಅದನ್ನು ಮುದುಕರ ಭಕ್ತಿ ಎಂದುಕೊಂಡಿದ್ದೆ. ಎದ್ದು ಬಂದುಬಿಡಬೇಕು ಅನ್ನಿಸಿತು. ಆದರೆ ಭಾನುವಾರ ಬಸ್ಸು ಹತ್ತಬೇಕಾದ ಕೂಸು ಕಣ್ಣ ಮುಂದೆ ಬಂತು. ಏಳಲಿಲ್ಲ. ಗುಡಿಯ ಮಾತು ಬಿಟ್ಟು ಹೊಲದ ಮಾತು ತೆಗೆದೆ.

"ಕಾಕಾರ, ಹೊಲಾ ಇದ್ದಾಗ ಹುಣ್ಣಿಮಿ ಆದ ಮ್ಯಾಲ ಆ ಕಲ್ಲ ಏನ ಮಾಡ್ತಿದ್ರಿ?"

"ಏನ ಮಾಡೂದು? ಬಿಟ್ಟ ಬರೂದು. ಮುಂದ ನೇಗಲಾ ಹೊಡಿಯೂ ಮುಂದ ಅವು ಮಣ್ಣಾಗ ಕೂಡ್ತಿದ್ವು. ಮತ್ತ ಹುಣ್ಣಿಮಿಗೆ ಬ್ಯಾರೆ ಕಲ್ಲ."

"ಇಲ್ಲಿ ನೇಗಲಾನ ಬರಲಿಲ್ಲ," ಎಂದೆ.

ಅವರು ನನ್ನನ್ನೇ ನೋಡಿದರು. ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ನಾವು ಹೊಲದ ಹಬ್ಬವನ್ನು ಅರ್ಧ ಮಾಡಿ ಬಿಟ್ಟಿದ್ದೆವು. ಉಣ್ಣುವ ಅರ್ಧ ಮಾಡಿ, ಉಳುವ ಅರ್ಧ ಮರೆತಿದ್ದೆವು.

"ಎತ್ತ ಎಲ್ಲಿಂದ ತರೂದು ಈಗ?" ಎಂದು ಕೇಳಿದರು.

"ಎತ್ತ ನಾ ತರ್ತೇನಿ," ಎಂದೆ.

ಹೇಳಿದಷ್ಟು ಸುಲಭವಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಟ್ರ್ಯಾಕ್ಟರ್ ಬಂದಿವೆ. ನನ್ನ ಗಿರಣಿಗೆ ಜೋಳ ತರುತ್ತಿದ್ದ ಒಬ್ಬ ರೈತರು ಟ್ರ್ಯಾಕ್ಟರ್ ಕಳಿಸುತ್ತೇನೆ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ ಎಂದರು. ಬೇಡ, ಎತ್ತೇ ಬೇಕು ಎಂದೆ. ಟ್ರ್ಯಾಕ್ಟರ್ ಬಂದರೆ ಅದು ಗುಡಿ ಕೆಡವಿದಂತೆ ಕಾಣುತ್ತಿತ್ತು. ಬಿಸಿಲಲ್ಲಿ ಮೂರು ಹಳ್ಳಿ ತಿರುಗಿದ ಮೇಲೆ ಒಬ್ಬರ ಮನೆಯಲ್ಲಿ ಜೋಡೆತ್ತು, ಕಟ್ಟಿಗೆಯ ನೇಗಿಲು ಎರಡೂ ಸಿಕ್ಕವು. ಅವತ್ತು ರಾತ್ರಿ ಅಡ್ಡಮಳೆ ಬಿದ್ದು ನೆಲವೂ ಮೆತ್ತಗಾಯಿತು.

ಶುಕ್ರವಾರ ಬೆಳಿಗ್ಗೆ ಕಾಕಾ ಧೋತರ ಮೇಲಕ್ಕೆ ಕಟ್ಟಿ, ತಲೆಗೆ ಟವೆಲ್ ಸುತ್ತಿ ಬಂದರು. ಗಂಟೆ ಬಿಚ್ಚಿ ಬಳಗದವರ ಕೈಗೆ ಕೊಟ್ಟರು. ತಗಡು ಇಳಿಸಿ, ಕಂಬ ಕಿತ್ತರು. ಕಲ್ಲಿಗೆ ಕೊನೆಯ ಸಲ ಕಾಯಿ ಒಡೆದು ಕೈ ಮುಗಿದರು. ಆಮೇಲೆ ನೇಗಿಲು ಹಿಡಿದರು. ಓಣಿಯವರೆಲ್ಲ ಸುತ್ತ ನಿಂತಿದ್ದರು. ಹುಡುಗರೂ ಇದ್ದರು. ಗುಡಿ ಕೆಡವುವವರನ್ನು ತಡೆಯಬಹುದು, ತನ್ನ ಹೊಲ ಉಳುವವನನ್ನು ಯಾರು ಹೇಗೆ ತಡೆಯುತ್ತಾರೆ?

ಮೊದಲ ಸಾಲು ಸೊಟ್ಟಗಾಯಿತು. ಎರಡನೆಯದು ನೆಟ್ಟಗೆ ಬಂತು. ಕಲ್ಲಿನ ಹತ್ತಿರ ಬಂದಾಗ ಎತ್ತು ನಿಲ್ಲುತ್ತವೇನೋ, ಕಾಕಾ ನಿಲ್ಲುತ್ತಾರೇನೋ ಎಂದು ನಾನು ನೋಡುತ್ತಿದ್ದೆ. ಅವರು ನಿಲ್ಲಲಿಲ್ಲ. ಕಲ್ಲು ಒಂದೊಂದೇ ಹೊರಳಿ ಹಸಿ ಮಣ್ಣಿನಲ್ಲಿ ಸೇರಿಕೊಂಡವು. ಜಾಗ ಪೂರ್ತಿ ಉತ್ತ ಮೇಲೆ ಅವರು ಬದುವಿನ ಮೇಲೆ ಕೂತು ಬೆವರು ಒರೆಸಿಕೊಂಡರು. ನಾನು ನೀರು ಕೊಟ್ಟೆ. ಕುಡಿದು, ಉತ್ತ ನೆಲವನ್ನೇ ನೋಡುತ್ತಾ ಹೇಳಿದರು:

"ಕಟ್ಟಡ ಏಳಾಕ ವರ್ಷ ಹಿಡಿತೈತಿ. ಅಲ್ಲೀಮಟಾ ಹುಡುಗೂರ್ನ ಎಲ್ಲೆ ಕೂಡಸ್ತೀರಿ? ನಮ್ಮ ಪಡಸಾಲಿ ಖಾಲಿನ ಐತಿ."

ಇದನ್ನು ನಾನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಅವತ್ತೇ ಹೋಗಿ ಆ ಪಡಸಾಲೆ ಗುಡಿಸಿ ಬಂದೆ.

ಶನಿವಾರ ಇಂಜಿನಿಯರ್ ಬಂದು ಉತ್ತ ಮಣ್ಣನ್ನು ಒಂದಷ್ಟು ಸಮ ಮಾಡಿಸಿ ಸುಣ್ಣದ ಗೆರೆ ಹಾಕಿದರು. ಕಟ್ಟಡ ಏಳುವ ತನಕ ಅಂಗನವಾಡಿಯನ್ನು ಜೂನಿನಿಂದ ಕಾಕಾರ ಪಡಸಾಲೆಯಲ್ಲಿ ನಡೆಸಬಹುದು ಎಂಬ ಮಾತೂ ಆಯಿತು. ಭಾನುವಾರ ಮೊದಲ ಬಸ್ಸಿಗೆ ಹುಡುಗಿಯ ಅತ್ತೆ ಬಂದಿಳಿದರು. ಮೊಮ್ಮಗಳ ಅರಿವೆ ತುಂಬಿಕೊಳ್ಳಲು ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ನಾನು ನನ್ನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಹುಡುಗಿ ಬಾಗಿಲಿಗೆ ಬಂದು ಅವರ ಕಾಲಿಗೆ ನೀರು ಕೊಟ್ಟಳು.

"ಒಳಗ ಬರ್ರಿ ಅತ್ತಿ, ಉಂಡು ಹೋಗ್ರಿ," ಎಂದಳು. "ಇಕಿ ಬರೂದಿಲ್ಲ. ನನ್ನ ಹತ್ರನ ಇರ್ತಾಳ."

ಅಷ್ಟು ಹೇಳಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಅತ್ತೆಯ ಎದುರಿಗೇ ಅವಳು ಜೋರಾಗಿ ಅತ್ತುಬಿಟ್ಟಳು.