ಏಕಾದಶಿಯ ಮಾತ್ರೆ

ನಾನು ಮಾಡುವ ಕೆಲಸಕ್ಕೆ ಈಗ ‘ಸಮಗ್ರ ಆರೋಗ್ಯ’ ಎಂಬ ದೊಡ್ಡ ಹೆಸರು ಬಂದಿದೆ. ಕೇಳಿದವರು ನಾನೆಲ್ಲೋ ಹಿಮಾಲಯದಲ್ಲಿ ಕೂತು ಬಂದವಳು ಎಂದುಕೊಳ್ಳುತ್ತಾರೆ. ಅದೆಲ್ಲ ಏನೂ ಇಲ್ಲ. ನಾನು ಈ ದಾರಿಗೆ ಬಿದ್ದದ್ದು ಆರ್.ಟಿ. ನಗರದ ಒಂದು ಬಾಡಿಗೆ ಮನೆಯಲ್ಲಿ, ಕಂಡಲ್ಲೆಲ್ಲ ಮೂಗು ತೂರಿಸುವ ನನ್ನ ಚಟದಿಂದ.

ಎಪ್ಪತ್ತರ ದಶಕದ ಕೊನೆ. ನಾನು ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪ ಗದಗದ ಕಡೆಯಿಂದ ಬಂದು ಯಶವಂತಪುರದ ಒಂದು ಕಾರ್ಖಾನೆ ಸೇರಿದ್ದರು. ಲೇತ್ ಯಂತ್ರವೆಂದರೆ ಅವರಿಗೆ ಪ್ರಾಣ. ಕಬ್ಬಿಣ ಕಡೆಯುವಾಗ ಉದುರುವ ಸುರುಳಿಯ ಬಣ್ಣ ನೋಡಿ ಕೆಲಸ ಸರಿಯಿದೆಯೋ ಇಲ್ಲವೋ ಹೇಳುತ್ತೇನೆಂದು ಮನೆಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಅಂಥವರಿಗೆ ಸಕ್ಕರೆ ಕಾಯಿಲೆ ಬಂತು.

ಆಗಿನ ಪದ್ಧತಿಯಂತೆ ನಾವು ಎರಡೂ ಕಡೆ ಕಾಲಿಟ್ಟೆವು. ಬೀದಿಯ ತುದಿಯ ಡಾಕ್ಟರು ಮಾತ್ರೆ ಕೊಟ್ಟರು, ಬ್ಯಾಟರಾಯನಪುರದ ಪಂಡಿತರು ಕಹಿ ಕಷಾಯ ಕೊಟ್ಟರು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅವರಿಗೆ ಅವಮಾನ ಎಂದು ಅಪ್ಪನ ನಂಬಿಕೆ. ಡಾಕ್ಟರ ಬಳಿ ಹೋಗುವ ಮುನ್ನ ಕಷಾಯದ ವಾಸನೆ ಹೋಗಲೆಂದು ಏಲಕ್ಕಿ ಅಗಿಯುತ್ತಿದ್ದರು. ಪಂಡಿತರ ಜಗಲಿಯಲ್ಲಿ ಕೂತಾಗ ಮಾತ್ರೆಯ ಚೀಟಿ ಒಳಜೇಬಿನಲ್ಲಿರುತ್ತಿತ್ತು. ನಮ್ಮ ಬೀದಿಯಲ್ಲಿ ಕಾಯಿಲೆ ಇದ್ದವರೆಲ್ಲ ಹೀಗೇ ಮಾಡುತ್ತಿದ್ದರು.

ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಅಪ್ಪ ಕಾರ್ಖಾನೆಯಲ್ಲಿ ಬಿದ್ದರು. ಮೈಯೆಲ್ಲ ಬೆವರು, ಕೈನಡುಕ, ಬಾಯಲ್ಲಿ ಏನೇನೋ ಅಸಂಬದ್ಧ ಮಾತು. ಸ್ವಲ್ಪ ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಇನ್ನೊಮ್ಮೆ ಬಿದ್ದರೆ ಲೇತ್‌ನಿಂದ ತೆಗೆದು ಗೇಟಿನಲ್ಲಿ ಕೂರಿಸುತ್ತೇನೆ, ಯಂತ್ರಕ್ಕೆ ಕೈ ಸಿಕ್ಕಿದರೆ ಯಾರು ಜವಾಬ್ದಾರಿ ಎಂದು ಫೋರ್‌ಮನ್ ಖಡಾಖಂಡಿತ ಹೇಳಿದ. ಅಪ್ಪ ಆ ದಿನ ಗೋಡೆಗೆ ಮುಖ ಮಾಡಿ ಮಲಗಿದರು.

ಸಕ್ಕರೆ ಏರಿಯೇ ಹೀಗಾಗುತ್ತಿದೆ ಎಂದು ಅವ್ವ ತೀರ್ಮಾನಿಸಿ, ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಜಡಿದಳು. ಆದರೆ ಎರಡನೆಯ ಸಲ ಅಪ್ಪನನ್ನು ಸ್ಕೂಟರಿನಲ್ಲಿ ಮನೆಗೆ ಕರೆತಂದ ಅವರ ಜೊತೆಗಾರ ಒಂದು ಮಾತು ಆಡಿದ್ದ.

“ಏನಿಲ್ಲ ಕಣಮ್ಮ, ಕ್ಯಾಂಟೀನಿಂದ ಸ್ಟ್ರಾಂಗ್ ಟೀ ತರ್ಸಿ, ಸಕ್ಕರೆ ಜಾಸ್ತಿ ಹಾಕಿ ಕುಡಿಸ್ದೆ. ಐದ್ ನಿಮಿಷಕ್ಕೆ ಎದ್ದು ಕೂತ್ರು.”

ಅವ್ವ ಎದೆ ಬಡಿದುಕೊಂಡಳು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕುಡಿಸಿದನಲ್ಲ, ಇವನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಅವನು ಹೋದಮೇಲೆ ಬೈದಳು. ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು. ಸಕ್ಕರೆ ಏರಿ ಬಿದ್ದವರು ಸಕ್ಕರೆ ಕುಡಿದು ಏಳುವುದು ಹೇಗೆ?

ಮೂರನೆಯ ಸಲ ಅಪ್ಪನಿಗೆ ಹಾಗಾದದ್ದು ಒಂದು ಭಾನುವಾರ ಮಧ್ಯಾಹ್ನ, ಪುಣ್ಯಕ್ಕೆ ಮನೆಯಲ್ಲೇ. ಅವ್ವ ದೇವರ ಮುಂದೆ ಕೂತಾಗ ನಾನು ಬೀಗ ತೆಗೆದು ಬೆಲ್ಲ ಕದಡಿ ಕುಡಿಸಿದೆ. ಅಪ್ಪ ಎದ್ದರು. ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು ಎಂದರೆ ನೀವು ನಂಬಬೇಕು.

ಸಂಜೆ ಪಕ್ಕದ ಮನೆಯಾಕೆ ವಿಚಾರಿಸಿಕೊಳ್ಳಲು ಬಂದರು. ನಮ್ಮ ಮನೆಯ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ಆಕೆಗೆ ಬೆಳಗಾಗುತ್ತಿತ್ತು. ಅದರ ಬಗ್ಗೆ ಆಕೆಯ ದೂರೂ ಇತ್ತು.

“ಇವತ್ತು ನಿಮ್ಮನೇಲಿ ಪಟಪಟ ಸದ್ದೇ ಇಲ್ಲ, ನಾನು ಏಳೋದೇ ಲೇಟಾಯ್ತು ಕಣ್ರೀ. ಅವತ್ತು ನಿಮ್ಮೆಜಮಾನ್ರನ್ನ ಸ್ಕೂಟರಲ್ಲಿ ಕರ್ಕೊಂಡ್ ಬಂದ್ರಲ್ಲ, ಅವತ್ತೂ ಹಿಂಗೇ ಆಗಿತ್ತು.”

“ಏಕಾದಶಿ ಅಲ್ರೀ,” ಅಂದಳು ಅವ್ವ. “ಇವರು ನೀರ ಮ್ಯಾಲೆ ಇರ್ತಾರ. ನಮಗ ಅವಲಕ್ಕಿ ಆದ್ರ ಸಾಕು.”

ನಾನು ಎದ್ದು ಸೀದಾ ಅಪ್ಪನ ಹತ್ತಿರ ಹೋದೆ.

“ಅಪ್ಪಾ, ಏಕಾದಶಿ ದಿನಾನೂ ಮಾತ್ರಿ ತೊಗೋತೀರೇನು?”

“ಮತ್ತ? ಒಂದು ದಿನಾನೂ ಬಿಡಬ್ಯಾಡ್ರಿ ಅಂದಾರ ಡಾಕ್ಟರು.”

“ಕಷಾಯ?”

“ಅದು ಖಾಲಿ ಹೊಟ್ಟಿಲೇ ಕುಡೀಬೇಕಂತ ಪಂಡಿತರು ಹೇಳ್ಯಾರ. ಏಕಾದಶಿ ದಿನ ಹೊಟ್ಟಿ ಖಾಲಿನೇ ಇರ್ತದಲ್ಲ, ಛಲೋ ಆತು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಮನುಷ್ಯ ಯಾರ ಮಾತನ್ನೂ ಮೀರಿರಲಿಲ್ಲ. ಡಾಕ್ಟರದ್ದು, ಪಂಡಿತರದ್ದು, ದೇವರದ್ದು ಮೂರನ್ನೂ ಚಾಚೂ ತಪ್ಪದೆ ಪಾಲಿಸಿ ಸಾಯುವ ದಾರಿಯಲ್ಲಿದ್ದರು.

ಮರುದಿನವೇ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಕಷಾಯದ ಹೆಸರೆತ್ತಿದ್ದಕ್ಕೆ ಮೊದಲು ಮುಖ ಗಂಟು ಹಾಕಿದರು. ಏಕಾದಶಿ ಎಂದಾಗ ಪೆನ್ನು ಕೆಳಗಿಟ್ಟರು.

“ಇದನ್ನ ಮೊದಲೇ ಹೇಳ್ಬಾರ್ದಾ? ಬರೋವ್ರಿಗೆಲ್ಲ ಊಟ ಮಾಡ್ತೀರಾ ಅಂತ ಕೇಳೋಕಾಗುತ್ತಾ ನಾನು? ಅವ್ರಿಗೆ ಸಕ್ಕರೆ ಏರ್ತಾ ಇಲ್ಲ, ಇಳೀತಾ ಇದೆ. ಅವತ್ತೊಂದು ದಿನ ಮಾತ್ರೆ ಬಿಟ್ರೂ ಹಿಂದಿನ ದಿನದ್ದು ಮೈಯಲ್ಲಿ ಕೆಲಸ ಮಾಡ್ತಾನೇ ಇರುತ್ತೆ. ಉಪವಾಸ ಮಾಡೋ ಹಾಗೇ ಇಲ್ಲ. ನಿದ್ದೇಲಿ ಹಿಂಗಾದ್ರೆ ಏಳೋದೇ ಇಲ್ಲಮ್ಮ.”

ಅಲ್ಲಿಂದ ಬಸ್ಸು ಹಿಡಿದು ಹೆಬ್ಬಾಳ ದಾಟಿ ಬ್ಯಾಟರಾಯನಪುರಕ್ಕೆ ಹೋದೆ. ಪಂಡಿತರು ಕುಟ್ಟಾಣಿ ನಿಲ್ಲಿಸಿ ಕೇಳಿಸಿಕೊಂಡರು.

“ಇಂಗಂತ ನಂಗ್ಯಾರೂ ಯೋಳ್ಲೇ ಇಲ್ವಲ್ಲವ್ವ. ಉಪಾಸ ಇರೋರಿಗೆ ಈ ಕಷಾಯ ಕೊಡೋದುಂಟಾ? ನಿಲ್ಸು ಇದ್ನ. ಮೊದ್ಲು ಒಟ್ಟೆಗೆ ಇಟ್ಟು ಆಕು ಅನ್ನು ನಿಮ್ಮಪ್ಪಂಗೆ.”

ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರು ಒಂದೇ ಮಾತು ಹೇಳಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಎಂಥದೋ ಹುರುಪು. ಇವರ ಮಾತನ್ನು ಅವರಿಗೆ ಮುಟ್ಟಿಸುವವರು ಒಬ್ಬರಿದ್ದರೆ ಸಾಕಲ್ಲ, ಆ ಕೆಲಸ ನಾನೇ ಯಾಕೆ ಮಾಡಬಾರದು ಎಂದು ಹೊಳೆದದ್ದು ಆಗಲೇ. ಮುಂದೆ ನರ್ಸಿಂಗ್ ಕಲಿತದ್ದು, ಯೋಗ ಮತ್ತು ಪಥ್ಯದ ಪಾಠಕ್ಕೆ ಅದೇ ಪಂಡಿತರ ಜಗಲಿಯಲ್ಲಿ ಕೂತದ್ದು, ಎಂಬತ್ತರ ದಶಕದಲ್ಲಿ ಯಲಹಂಕದಲ್ಲಿ ಒಂದು ಕೋಣೆ ಹಿಡಿದು ಬಂದವರನ್ನೆಲ್ಲ ‘ಏನೇನು ನುಂಗುತ್ತೀರಿ, ಏನೇನು ಬಿಡುತ್ತೀರಿ’ ಎಂದು ಪೀಡಿಸತೊಡಗಿದ್ದು, ಎಲ್ಲಕ್ಕೂ ಆ ಬಸ್ಸಿನ ಸೀಟೇ ಮೂಲ.

ಮನೆಗೆ ಬಂದು ವಿಷಯ ಹೇಳಿದರೆ ಅಪ್ಪ ಒಂದೇ ಮಾತು ಅಂದರು. “ಆಗಂಗಿಲ್ಲ.”

“ಏನು ಆಗಂಗಿಲ್ಲ?”

“ಮಾತ್ರಿ ಬೇಕಾದ್ರ ಬಿಡ್ತೀನಿ, ಕಷಾಯಾನೂ ಬಿಡ್ತೀನಿ. ಏಕಾದಶಿ ಬಿಡಂಗಿಲ್ಲ.”

ನನಗೆ ಪಿತ್ತ ನೆತ್ತಿಗೇರಿತು. ಲೇತ್ ಹೋಗುತ್ತದೆ, ಜೀವವೂ ಹೋಗುತ್ತದೆ, ದೇವರಿಗೆ ಇದರಿಂದ ಏನು ಸಿಗುತ್ತದೆ ಎಂದು ಬಾಯಿಗೆ ಬಂದದ್ದೆಲ್ಲ ಕೂಗಾಡಿದೆ. ಅಪ್ಪ ಜಗ್ಗಲಿಲ್ಲ. ಕಡೆಗೆ ಸುಸ್ತಾಗಿ, ಉಳಿದವರಿಗೆ ಕೇಳಿದ ಹಾಗೆ ಅವರಿಗೂ ಒಂದು ಪ್ರಶ್ನೆ ಕೇಳಿದೆ.

“ಯಾವಾಗಿಂದ ಮಾಡ್ತೀರಿ ಇದನ್ನ? ಯಾಕ ಹಿಡದ್ರಿ?”

ಅಪ್ಪ ಅವ್ವನ ಕಡೆ ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. “ಹೇಳಿಬಿಡ್ರಿ ಆಕಿಗೆ,” ಅಂದಳು.

“ನೀ ಸಣ್ಣಾಕಿ ಇದ್ದಾಗ ವಿಷಮಜ್ವರ ಬಂದಿತ್ತು. ಡಾಕ್ಟರು ಕೈ ಚೆಲ್ಲಿದ್ರು. ಕೂಸು ಉಳಿದ್ರ, ನನ್ನ ಜೀವ ಇರೋತನಕ ಏಕಾದಶಿ ಬರೇ ನೀರಮ್ಯಾಲೆ ಅಂತ ಮನೀದೇವರಿಗೆ ಮಾತು ಕೊಟ್ಟೆ. ಈಗ ಬಿಟ್ಟು, ನಿನಗ ಏನರ ಆದ್ರ?”

ನಾನು ಕೂತುಬಿಟ್ಟೆ. ಇಷ್ಟು ವರ್ಷ ನಾನು ಅವಲಕ್ಕಿ ತಿನ್ನುತ್ತಿದ್ದ ದಿನಗಳಲ್ಲಿ ಇವರು ನನಗಾಗಿ ಹಸಿದಿದ್ದರು. ಇದಕ್ಕೆ ಡಾಕ್ಟರ ಬಳಿಯೂ ಔಷಧವಿರಲಿಲ್ಲ, ಪಂಡಿತರ ಬಳಿಯೂ ಇರಲಿಲ್ಲ.

“ಉಳಿದಾಕಿ ನಾನು,” ಅಂದೆ ಕೊನೆಗೆ. “ಅಂದಮ್ಯಾಲೆ ಆ ಹರಕಿ ನನಗ ಕೊಡ್ರಿ. ನಾ ನಡಸ್ತೀನಿ.”

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಮುಂದಿನ ಏಕಾದಶಿ ಬೆಳಿಗ್ಗೆ ಅವ್ವ ಒಂದೇ ತಾಟು ಹಾಕಿ ಅನ್ನ, ಬೇಳೆಯ ತವ್ವಿ ಬಡಿಸಿದಳು. ನನ್ನ ಮುಂದೆ ನೀರಿನ ಲೋಟವಷ್ಟೇ ಇತ್ತು. ಅಪ್ಪ ಮಾತ್ರೆ ನುಂಗಿ, ತಾಟಿನ ಮುಂದೆ ಕೂತು, ತುತ್ತು ಕಲಸಿ, ಎತ್ತದೆ ನನ್ನ ಕಡೆ ನೋಡಿದರು.

“ಹಸಿವಿ ಆಗ್ಯದೇನು ನಿನಗ?”

“ಭಾಳ ಆಗ್ಯದ,” ಅಂದೆ. “ನೀವು ಉಣ್ರಿ.”