ಕ್ಯಾಪ್ಟನ್ ಯಾರೆಂದು ರೆಫರಿ ಕೇಳಿದಾಗ

ಕಳೆದ ಭಾನುವಾರ ನನ್ನನ್ನು ಅಂಕಣದಿಂದ ಹೊರಗೆ ಹಾಕಿದರು.

ಈ ಅಂಕಣದಿಂದ ಅಲ್ಲ. (ಸಂಪಾದಕರು ಇನ್ನೂ ಸಹಿಸಿಕೊಂಡಿದ್ದಾರೆ.) ಬಾಸ್ಕೆಟ್‌ಬಾಲ್ ಅಂಕಣದಿಂದ. ಐದನೆಯ ಫೌಲ್. ಐದು ತಪ್ಪು ಮಾಡಿದವರು ಆ ಪಂದ್ಯದಲ್ಲಿ ಮತ್ತೆ ಒಳಗೆ ಬರುವ ಹಾಗಿಲ್ಲ. ಈ ನಿಯಮ ಸಂಸಾರಕ್ಕೆ ಇಲ್ಲದಿರುವುದು ನಮ್ಮೆಲ್ಲರ ಪುಣ್ಯ.

ಅದೂ ಎಂಥ ಪಂದ್ಯ ಅಂತೀರಿ? ನಾಗಪುರದ ಆಫೀಸುಗಳ ಮಹಿಳಾ ತಂಡಗಳ ಫೈನಲ್. ಇನ್ನೂ ಎಂಟು ನಿಮಿಷ ಬಾಕಿ. ನಾವು ಒಂಬತ್ತು ಪಾಯಿಂಟ್ ಹಿಂದೆ. ಎದುರಿಗೆ ಕೋರಾಡಿ ಕಡೆಯ ತಂಡ. ಅವರಲ್ಲಿ ಮೂರು ಜನ ನನ್ನಷ್ಟೇ ಉದ್ದ. ಇಂಥ ಹೊತ್ತಿನಲ್ಲಿ ಹೊರಗೆ ನಡೆದವಳು ತಂಡದ ಕ್ಯಾಪ್ಟನ್.

ನನ್ನ ಎತ್ತರದ ಬಗ್ಗೆ ಈ ಜಾಗದಲ್ಲಿ ಹಿಂದೆ ಸಾಕಷ್ಟು ಕೊರೆದಿದ್ದೇನೆ. ಐದು ಅಡಿ ಒಂಬತ್ತು ಇಂಚು. ಮೈಸೂರಿನಲ್ಲಿ ನನಗೆ ಗಂಡು ಹುಡುಕುವಾಗ ನಮ್ಮಮ್ಮ ಎರಡು ಇಂಚು ಕಡಿಮೆ ಹೇಳುತ್ತಿದ್ದರು. ವರ್ಗವಾಗಿ ನಾಗಪುರಕ್ಕೆ ಬಂದಾಗ ಅದೇ ಎತ್ತರಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ಸದರ್ ಬಡಾವಣೆಯ ನಮ್ಮ ಆಫೀಸಿನಲ್ಲಿ ನಾನು ಡ್ಯೂಟಿಗೆ ಹಾಜರಾದ ದಿನ, ಕ್ರೀಡಾ ಕಾರ್ಯದರ್ಶಿಗಳು ನನ್ನನ್ನು ಪಾದದಿಂದ ನೆತ್ತಿಯವರೆಗೆ ನೋಡಿ, ಹೆಸರು ಕೇಳುವ ಮೊದಲು ಕೇಳಿದ್ದು ಒಂದೇ: "ಬಾಸ್ಕೆಟ್‌ಬಾಲ್ ಆಡ್ತೀರಾ?" ಕಾಲೇಜಿನಲ್ಲಿ ಆಡಿದ್ದೆ. ಆರು ತಿಂಗಳಲ್ಲಿ ಕ್ಯಾಪ್ಟನ್ ಆದೆ. ಮೂರು ವರ್ಷದಿಂದ ಕ್ಯಾಪ್ಟನ್ ಆಗಿಯೇ ಇದ್ದೇನೆ.

ಇದ್ದೆ.

ನಮ್ಮ ತಂಡದಲ್ಲಿ ಶಕುಂತಲಾ ಎಂಬ ಹುಡುಗಿ ಇದ್ದಾಳೆ. ಎಲ್ಲರಿಗೂ ಶಕು. ಗದಗಿನವಳು, ನಮ್ಮ ಆಫೀಸಿನ ಡಿಸ್ಪ್ಯಾಚ್ ಸೆಕ್ಷನ್‌ನಲ್ಲಿ ಇಡೀ ದಿನ ಲಕೋಟೆಗಳಿಗೆ ಮೊಹರು ಒತ್ತುತ್ತಾಳೆ. ಎತ್ತರ ನಾಲ್ಕು ಅಡಿ ಹನ್ನೊಂದು. ಅವಳ ತಲೆ ನನ್ನ ಗಲ್ಲಕ್ಕೂ ಬರುವುದಿಲ್ಲ. ಆಡುವುದು ಗಾರ್ಡ್ ಸ್ಥಾನದಲ್ಲಿ. ಅಂದರೆ ಹಿಂದಿನಿಂದ ಚೆಂಡನ್ನು ಪುಟಿಸುತ್ತ ತಂದು ಮುಂದಿರುವ ನಮ್ಮಂಥ ಉದ್ದದವರಿಗೆ ಕೊಡುವುದು. ರಿಂಗ್ ಕೆಳಗೆ ನಿಂತು ನಾವು ಹಾಕುವುದು. ಚಪ್ಪಾಳೆ ಯಾರಿಗೆ ಅಂತ ಬೇರೆ ಹೇಳಬೇಕೆ?

ಸರಿ, ಫೈನಲ್‌ಗೆ ಬರೋಣ. ನಾನು ಬೆಂಚಿನ ಕಡೆ ನಡೆದೆ. ರೆಫರಿ ಹಿಂದೆಯೇ ಬಂದರು. ಕ್ಯಾಪ್ಟನ್ ಹೊರಗೆ ಹೋದರೆ ಒಳಗಿರುವವರಲ್ಲಿ ಒಬ್ಬರನ್ನು ಆ ಜಾಗಕ್ಕೆ ಹೆಸರಿಸಬೇಕು.

"ಈಗ ಕ್ಯಾಪ್ಟನ್ ಯಾರು?"

ನಾನು ಯೋಚಿಸಲೇ ಇಲ್ಲ. ಕೈ ತಾನಾಗಿ ಸುನಂದಾಳ ಕಡೆ ಹೋಯಿತು. ಸುನಂದಾ ಮರಾಠಿ ಹುಡುಗಿ, ಒಳ್ಳೆಯ ಆಟಗಾರ್ತಿ, ನನ್ನ ಬಿಟ್ಟರೆ ತಂಡದಲ್ಲಿ ಅವಳೇ ಉದ್ದ. (ಯಾಕೆ ಅವಳ ಕಡೆಗೇ ಹೋಯಿತು ಅಂತ ಈಗ ನಿಮಗೂ ಗೊತ್ತಾಯಿತು.)

ಸುನಂದಾ ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತಿ, ನಾನೇನೋ ತಮಾಷೆ ಮಾಡಿದೆ ಅನ್ನುವ ಹಾಗೆ ನಕ್ಕಳು.

"ಕ್ಯಾಪ್ಟನ್ ತರ್ ಶಕುಚ್ ಆಹೇ ನಾ, ತಾಈ. ಪಹಿಲ್ಯಾಪಾಸೂನ್."

ಕ್ಯಾಪ್ಟನ್ ಶಕುವೇ ಅಲ್ಲವೇನಕ್ಕಾ, ಮೊದಲಿನಿಂದಲೂ.

ಮೊದಲಿನಿಂದಲೂ! ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳ ಆಡಬಹುದಿತ್ತು. ಇವತ್ತು ಭಾನುವಾರ ಅನ್ನುವಷ್ಟು ಸಹಜವಾಗಿ ಹೇಳಿದಳು. ಉಳಿದ ಮೂವರೂ ತಲೆಯಾಡಿಸಿದರು. ಶಕು ಮಾತ್ರ ಬೂಟಿನ ಲೇಸು ಕಟ್ಟುತ್ತ ಕೂತಿದ್ದಳು, ಕೇಳಿಸಲೇ ಇಲ್ಲವೆಂಬಂತೆ.

ನಾನು ಬೆಂಚಿನ ಮೇಲೆ ಕೂತೆ.

ಮೂರು ವರ್ಷದಲ್ಲಿ ನಾನು ನನ್ನ ತಂಡದ ಆಟವನ್ನು ಹೊರಗೆ ಕೂತು ನೋಡಿದ್ದು ಅದೇ ಮೊದಲು. ಒಳಗಿದ್ದಾಗ ನನಗೆ ಕಾಣುತ್ತಿದ್ದುದು ರಿಂಗ್ ಮತ್ತು ಚೆಂಡು, ಎರಡೇ. ಹೊರಗಿನಿಂದ ಕಂಡದ್ದು ಬೇರೆ. ಶಕು ಚೆಂಡು ತರುವಾಗ ಎಡಗೈ ಸುಮ್ಮನಿರುವುದಿಲ್ಲ. ಎರಡು ಬೆರಳು ಎತ್ತಿದರೆ ಇಬ್ಬರು ಓಡುತ್ತಾರೆ. ಮುಷ್ಟಿ ಹಿಡಿದರೆ ಎಲ್ಲರೂ ನಿಲ್ಲುತ್ತಾರೆ. ಬಾಯಿಯೂ ಸುಮ್ಮನಿರುವುದಿಲ್ಲ. "ಸುನಂದಾ, ಉಜವೀಕಡೆ! ಬಲಕ್ಕ, ಬಲಕ್ಕ! ಜಲ್ದಿ!" ಸುನಂದಾ ಬಲಕ್ಕೆ ಸರಿದ ಅರೆಕ್ಷಣದಲ್ಲಿ ಚೆಂಡು ಅವಳ ಕೈಯಲ್ಲಿ. ಸುತ್ತ ಯಾರೂ ಇಲ್ಲ.

ಇದೇ ರೀತಿ ಎಷ್ಟು ಸಲ ನನ್ನ ಕೈಗೂ ಚೆಂಡು ಬಂದಿಲ್ಲ? ಸರಿಯಾದ ಜಾಗದಲ್ಲಿ ನಿಲ್ಲುವುದು ನನ್ನ ಬುದ್ಧಿವಂತಿಕೆ ಎಂದುಕೊಂಡಿದ್ದೆ. "ಅಕ್ಕಾರ, ಎಡಕ್ಕ ಸರೀರಿ" ಎಂದು ಅವಳು ಹೇಳುತ್ತಿದ್ದುದನ್ನು ಕಾಲು ಕೇಳಿಸಿಕೊಳ್ಳುತ್ತಿತ್ತು, ತಲೆ ಕೇಳಿಸಿಕೊಂಡಿರಲಿಲ್ಲ.

ನಾನು ಹೊರಗಾದ ಮೇಲೆ ರಿಂಗ್ ಕೆಳಗೆ ಉದ್ದದವರ ನಡುವೆ ಗುದ್ದಾಡಿ ಪ್ರಯೋಜನವಿರಲಿಲ್ಲ. ಶಕು ಆಟವನ್ನೇ ಬದಲಾಯಿಸಿದಳು. ಓಟ, ಬರೀ ಓಟ. ಎದುರಾಳಿಗಳ ಉದ್ದದವರು ಚೆಂಡು ಪುಟಿಸಿದರೆ ಅದು ಇವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಕೈ ಚಾಚಿ ತೆಗೆದುಕೊಂಡು ಹೋಗುತ್ತಿದ್ದಳು, ಅಂಗಡಿಯ ಕಟ್ಟೆಯ ಮೇಲಿಟ್ಟ ಸಾಮಾನು ತೆಗೆದುಕೊಂಡ ಹಾಗೆ. ಅವರ ಸೆಂಟರ್ ಆಟಗಾರ್ತಿ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದಳು. ಒಂಬತ್ತು ಐದಾಯಿತು. ಐದು ಮೂರಾಯಿತು. ಕೊನೆಯ ನಿಮಿಷದಲ್ಲಿ ಒಂದು. ಶಕುವನ್ನು ತಡೆಯಲು ಹೋದವಳು ಅವಳ ಮೇಲೆಯೇ ಬಿದ್ದಳು. ಫೌಲ್. ಎರಡು ಫ್ರೀ ಥ್ರೋ.

ಮೊಣಕೈ ಸಿಮೆಂಟಿಗೆ ತರಚಿ ರಕ್ತ ಬರುತ್ತಿತ್ತು. ಅದನ್ನು ಚಡ್ಡಿಗೆ ಒರೆಸಿಕೊಂಡಳು. ಎರಡನ್ನೂ ಹಾಕಿದಳು.

ಒಂದು ಪಾಯಿಂಟ್‌ನಿಂದ ಗೆದ್ದೆವು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬಹುಮಾನದ ಮೇಜಿನ ಹತ್ತಿರ "ಕ್ಯಾಪ್ಟನ್, ಬನ್ನಿ" ಎಂದು ಮೈಕಿನಲ್ಲಿ ಕರೆದರು. ಯಾರು ಹೋದರು?

ನಾನು ಹೋದೆ.

ಅಷ್ಟೆಲ್ಲ ಕೇಳಿದ ಮೇಲೆ, ಕಣ್ಣಾರೆ ಕಂಡ ಮೇಲೆ, ಎದ್ದು ಹೋಗಿ ಕಪ್ಪನ್ನು ಎರಡೂ ಕೈಯಿಂದ ಎತ್ತಿ ಫೋಟೋಗೆ ಹಲ್ಲು ಬಿಟ್ಟೆ. ಶಕು ಗುಂಪಿನಲ್ಲಿ ಎಲ್ಲೋ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಫೋಟೋದಲ್ಲಿ ಅವಳು ಕಾಣುವುದಿಲ್ಲ. ನಾನು ಅಡ್ಡ ಬಂದಿದ್ದೇನೆ. ಆಮೇಲೆ ಕಾರ್ಯದರ್ಶಿಗಳು ಆಫೀಸಿಗೆ ಕಳಿಸುವ ವರದಿ ತಂದರು. 'ಕ್ಯಾಪ್ಟನ್ ಅವರ ಸಮರ್ಥ ನಾಯಕತ್ವದಲ್ಲಿ ತಂಡ ಚಾಂಪಿಯನ್ ಆಗಿದೆ.' ಸಹಿ ಹಾಕಿದೆ. ಓದದೆ ಹಾಕಿದೆ ಎಂದು ಬರೆಯಲು ಪೆನ್ನು ಹವಣಿಸುತ್ತಿದೆ. ಓದಿದ್ದೆ.

ಸಂಜೆ ಸ್ಕೂಟರಿನಲ್ಲಿ ಹಿಂತಿರುಗುವಾಗ ಸೀತಾಬರ್ಡಿಯ ಜನಜಂಗುಳಿಯಲ್ಲಿ ಸಿಕ್ಕಿಕೊಂಡು ನಿಂತಿದ್ದೆವು. ಸುನಂದಾ ಹೇಳಿದ್ದನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಹಿಂತಿರುಗಿ ನೋಡಿ, "ನಿಂಗೆ ಗೊತ್ತಿರಲಿಲ್ವಾ?" ಅಂದರು. ಎರಡು ವರ್ಷದಿಂದ ಬರೀ ಕಡಲೆಕಾಯಿ ತಿನ್ನಲು ಪಂದ್ಯಕ್ಕೆ ಬರುವ ಮನುಷ್ಯ!

ಮಂಗಳವಾರ ಇನ್ನೊಂದು ಪೆಟ್ಟು. ಗೆದ್ದ ತಂಡದಿಂದ ಮೂವರನ್ನು ಎಲ್ಲ ಊರುಗಳ ಆಫೀಸುಗಳ ಒಟ್ಟು ತಂಡಕ್ಕೆ ಆರಿಸುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಚ್ಚಿದ್ದರು. ನಾನು, ಸುನಂದಾ, ಇನ್ನೊಬ್ಬಳು ಉದ್ದದವಳು. ನನ್ನ ಹೆಸರಿನ ಮುಂದೆ 'ಕ್ಯಾಪ್ಟನ್'. ಶಕುವಿನ ಹೆಸರು ಇರಲಿಲ್ಲ.

ಕಾರ್ಯದರ್ಶಿಗಳ ಕೋಣೆಗೆ ನುಗ್ಗಿದೆ.

"ಶಕು ಎಲ್ಲಿ ಸರ್?"

"ಕೂತ್ಕೊಳ್ಳಿ ಮ್ಯಾಡಮ್. ಒಳ್ಳೆ ಹುಡುಗಿ, ಚುರುಕಾಗಿದ್ದಾಳೆ. ಆದರೆ ಇದು ದೊಡ್ಡ ಮಟ್ಟದ ಟೂರ್ನಮೆಂಟ್. ಅಷ್ಟು ಕುಳ್ಳಗಿರೋ ಗಾರ್ಡ್ ತಂಡ ನಡೆಸಿ ಚಾಂಪಿಯನ್ ಮಾಡಿದ್ದು ಎಲ್ಲಾದರೂ ಉಂಟಾ?"

"ಮೊನ್ನೆ ಭಾನುವಾರ ಉಂಟು! ನೀವು ನನ್ನ ಪಕ್ಕದಲ್ಲೇ ಕೂತಿದ್ರಿ!"

ಅವರು ಕೋಪ ಮಾಡಿಕೊಳ್ಳಲಿಲ್ಲ. ಫೈಲು ತೆಗೆದು, ವರದಿಯನ್ನು ನನ್ನ ಕಡೆ ತಿರುಗಿಸಿ, ಸಹಿಯ ಮೇಲೆ ಬೆರಳಿಟ್ಟರು.

"ಭಾನುವಾರ ಚಾಂಪಿಯನ್ ಮಾಡಿದ್ದು ನೀವು, ಮ್ಯಾಡಮ್. ನೀವೇ ಬರೆದುಕೊಟ್ಟಿದ್ದೀರಿ."

ಸಣ್ಣವರು ಗೆಲ್ಲಿಸಿದ್ದಕ್ಕೆ ಸಾಕ್ಷಿ ಯಾಕೆ ಸಿಗುವುದಿಲ್ಲ ಎಂದು ಆ ನಿಮಿಷ ಅರ್ಥವಾಯಿತು. ಗೆಲ್ಲಿಸಿದಾಗಲೆಲ್ಲ ಉದ್ದದವರು ಯಾರೋ ಒಬ್ಬರು ಎದ್ದು ಹೋಗಿ ಸಹಿ ಹಾಕಿರುತ್ತಾರೆ. ಆಮೇಲೆ ಅದೇ ಕಾಗದ ತೋರಿಸಿ, 'ಎಲ್ಲಿದೆ ದಾಖಲೆ?' ಎಂದು ಕೇಳುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಮಾತ್ರವೇ? ನಮ್ಮ ಸೆಕ್ಷನ್‌ನ ಟಿಪ್ಪಣಿಗಳನ್ನೆಲ್ಲ ಬರೆಯುವುದು ಮೂಲೆಯ ಮೇಜಿನ ಗುಮಾಸ್ತೆ. ಚೆನ್ನಾಗಿ ಬರೆಯುತ್ತಾರೆಂದು ಹೆಸರು ಬಂದಿರುವುದು ಸೂಪರಿಂಟೆಂಡೆಂಟರಿಗೆ. ನನ್ನ ಅಡುಗೆಯ ಬಗ್ಗೆ ಈ ಅಂಕಣ ಓದಿ ಹೊಗಳಿ ಬರೆದ ಓದುಗರೇ, ಸಾರಿನ ಪುಡಿ ನಮ್ಮತ್ತೆಯದು.

ಬುಧವಾರ ಒಂದು ಪತ್ರ ಬರೆದೆ. ಫೈನಲ್‌ನ ಕೊನೆಯ ಎಂಟು ನಿಮಿಷ ನಾನು ಅಂಕಣದಲ್ಲೇ ಇರಲಿಲ್ಲ, ತಂಡವನ್ನು ನಡೆಸಿದ್ದು ಶಕುಂತಲಾ, ಅದಕ್ಕೂ ಹಿಂದಿನ ಮೂರು ವರ್ಷವೂ ಅವಳೇ ನಡೆಸಿದ್ದು, ನನ್ನ ಸಹಿಯ ವರದಿ ತಪ್ಪು, ಅವಳಿಲ್ಲದ ತಂಡಕ್ಕೆ ನಾನು ಹೋಗುವುದಿಲ್ಲ ಎಂದು. ಆಯ್ಕೆ ಸಮಿತಿಗೆ ರವಾನಿಸಲು ಕೊಟ್ಟೆ. ಅದು ಯಾವ ಮೇಜಿಗೆ ಹೋಗುತ್ತದೆ ಎಂದು ಹೊಳೆಯಲೇ ಇಲ್ಲ.

ಒಂದು ಗಂಟೆಯಲ್ಲಿ ಶಕು ಬಂದು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಆ ಪತ್ರ. ಬೆರಳ ತುದಿಯಲ್ಲಿ ಮೊಹರಿನ ಶಾಯಿ. ಥ್ಯಾಂಕ್ಸ್ ಹೇಳಲು ಬಂದಳು ಎಂದುಕೊಂಡೆ. (ನೋಡಿ, ಆಗಲೂ!)

"ಅಕ್ಕಾರ, ಖರೇನ ನಿಮಗ ಗೊತ್ತಿರಲಿಲ್ಲೇನ್ರಿ?"

"ಇಲ್ಲ ಶಕು. ಆಣೆಯಾಗಿ ಗೊತ್ತಿರಲಿಲ್ಲ."

ಅವಳು ಪತ್ರವನ್ನು ಮಡಿಸಿದಳು.

"ನಾ ತಿಳಿದಿದ್ದೆ, ಗೊತ್ತಿದ್ದೂ ಸುಮ್ಮನದೀರಿ ಅಂತ. ಮೂರು ವರ್ಷ ಅದನ್ನ ಹೊಟ್ಟ್ಯಾಗ ಇಟ್ಕೊಂಡ ನಿಮಗ ಬಾಲ್ ಕೊಟ್ಟೇನ್ರಿ."

ಓದುಗರೇ, ಐದು ಫೌಲ್‌ಗೆ ಹೊರಗೆ ಹಾಕಿದಾಗ ಇಷ್ಟು ನೋವಾಗಿರಲಿಲ್ಲ. ನನ್ನನ್ನು ಕಳ್ಳಿ ಎಂದು ತಿಳಿದೂ ಈ ಹುಡುಗಿ ಪ್ರತಿ ಪಂದ್ಯದಲ್ಲೂ ನಾನು ಬಾಸ್ಕೆಟ್ ಹಾಕುವಂಥ ಜಾಗಕ್ಕೇ ಚೆಂಡು ತಂದುಕೊಟ್ಟಿದ್ದಳು. ಒಮ್ಮೆಯೂ ಕಾಲ ಬುಡಕ್ಕೆ ಎಸೆದಿರಲಿಲ್ಲ. ನಾನಾಗಿದ್ದರೆ? ಮುಖಕ್ಕೇ ಎಸೆಯುತ್ತಿದ್ದೆ.

"ಯಾಕೆ ಕೊಟ್ಟೆ ಮತ್ತೆ?"

"ನೀವು ಬರೋಬರ್ ಹಾಕ್ತಿದ್ರಿ. ಟೀಮ್ ಗೆಲ್ಲಬೇಕಲ್ರಿ." ಅಷ್ಟು ಹೇಳಿ, ಪತ್ರವನ್ನು ಲಕೋಟೆಗೆ ಹಾಕಿ ಅಂಟು ಸವರಿದಳು. "ಇದನ್ನ ಇವತ್ತಿನ ಟಪಾಲಿಗೇ ಹಾಕ್ತೀನಿ. ನಾಳೆ ಮನಸ್ಸು ಬದಲಾದರ ಕಷ್ಟ." ಆಗ ಮೊದಲ ಸಲ ಸ್ವಲ್ಪ ನಕ್ಕಳು.

ಶನಿವಾರ ಟ್ರಂಕ್ ಕಾಲ್ ಬಂತು. ಶಕುವನ್ನು ಸೇರಿಸಿಕೊಂಡಿದ್ದಾರೆ. ಪಟ್ಟಿಯ ಕೊನೆಯಲ್ಲಿ, ಕಾಯ್ದಿರಿಸಿದ ಆಟಗಾರ್ತಿಯಾಗಿ. ಕ್ಯಾಪ್ಟನ್ ಪಟ್ಟ ನನ್ನಿಂದ ಹೋಗಿದೆ. ಸಿಕ್ಕಿದ್ದು ಬೇರೆ ಊರಿನ ಇನ್ನೊಬ್ಬಾಕೆಗೆ. ಅವರು ಐದು ಅಡಿ ಹತ್ತಂತೆ. ನನಗಿಂತ ಒಂದು ಇಂಚು ಹೆಚ್ಚು ನಾಯಕತ್ವ! ಇಷ್ಟು ಬರೆದೂ ಆದದ್ದು ಇಷ್ಟೇ ಎಂದು ನಾನು ಹಲ್ಲು ಕಡಿದೆ. ಶಕು ಮಾತ್ರ, "ಒಳಗ ಹೋಗೋದಷ್ಟ ಬೇಕಿತ್ರಿ. ಮುಂದಿಂದು ನನಗ ಬಿಡ್ರಿ" ಅಂದಳು. ಮುಂದಿನ ವಾರ ಹೊರಡುತ್ತೇವೆ.

ನಿನ್ನೆ ಸಂಜೆ ಇಬ್ಬರೇ ಅಭ್ಯಾಸಕ್ಕೆ ಹೋಗಿದ್ದೆವು. ಅವಳು ಚೆಂಡು ಪುಟಿಸುತ್ತ ಬಂದಳು. ಈ ಸಲ ಒಂದೊಂದು ಮಾತೂ ಕೇಳಿಸಿಕೊಳ್ಳಬೇಕು ಎಂದು ಕಿವಿ ನಿಮಿರಿಸಿ ನಿಂತೆ. ಕೇಳಿಸಿತು. ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮೂರು ವರ್ಷ ಹೇಗೆ ಕೇಳಿಸಲಿಲ್ಲ ಎಂದೇ ಆಶ್ಚರ್ಯವಾಯಿತು.

"ನೀನು ಮೊದಲೂ ಇಷ್ಟೇ ಜೋರಾಗಿ ಕೂಗ್ತಿದ್ಯಾ ಶಕು?"

ಅವಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ಎತ್ತಿ ನನ್ನನ್ನು ನೋಡಿದಳು.

"ಇದಕ್ಕಿಂತ ಜೋರ ಒದರತಿದ್ನಿರಿ ಅಕ್ಕಾರ. ನಿಮ್ಮ ಕಿವಿ ಭಾಳ ಮ್ಯಾಲ ಅದಾವ."