ಒಂದು ಫೋಟೊ ಅಳಿಸಲು ರಾಮದುರ್ಗಕ್ಕೆ

ಕಿತ್ತೂರಿನಿಂದ ಏಳರ ಬಸ್ಸಿಗೆ ಹೊರಟು ಬೈಲಹೊಂಗಲದಲ್ಲಿ ಇಳಿದಾಗ ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೊದಲು ಗೆಳೆಯ ದಸ್ತಗೀರಣ್ಣನ, ಅರಳೆ ತುಂಬಿ ಗಾದಿ ಹೊಲಿಯುವ ಅಂಗಡಿಗೆ ಹೋದೆ. ಅಲ್ಲಿಯ ಗ್ರಂಥಾಲಯದ ಸಭೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತಿದ್ದ ಫೋಟೊ ವಾರದಿಂದ ಊರಿನ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಕೆಳಗೆ ಹೀಗೆ ಬರೆದಿತ್ತು: ‘ಓದಿದ ದೊಡ್ಡ ಮಂದಿ ಬಾಗಿಲಾ ತೆಗೀತಾರ, ಇವರು ಒಳಗ ಬರತಾರ. ನಿಮ್ಮ ಮನಿ ನೀವ ಕಾಯ್ಕೊಳ್ರಿ.’

‘ಎರಡು ಮದುವಿ ಮನಿಯವರು ಗಾದಿಗೆ ಕೊಟ್ಟ ಅರಳಿ ವಾಪಸ್ ಒಯ್ದರ್ರಿ ಸರ,’ ಎಂದ ದಸ್ತಗೀರಣ್ಣ. ‘ಬೈಲಿಲ್ಲ, ಏನಿಲ್ಲ. ಮಾರಿ ನೋಡ್ಲಿಲ್ಲ, ಅಷ್ಟ.’

ಆ ಫೋಟೊವನ್ನು ಹರಿಬಿಟ್ಟವನು ರಾಮದುರ್ಗದ ಗಂಗಾಧರ. ಕಾಲೇಜಿನಲ್ಲಿ ನನ್ನ ಬಳಿ ಇತಿಹಾಸ ಓದಿದವನು, ಈಗ ಒಂದು ಉಗ್ರ ಪಕ್ಷದ ಭಾಷಣಕಾರ. ನಾನು ಹೇಳಿದರೆ ಕೇಳುತ್ತಾನೆ ಎಂಬ ನಂಬಿಕೆಯಿಂದಲೇ ಹೊರಟಿದ್ದೆ.

ಸವದತ್ತಿಯಲ್ಲಿ ಬಸ್ಸು ಬದಲಿಸುವ ಮೊದಲು ಗಿರ್ಮಿಟ್ ತಿಂದೆ. ಮುಂದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ರೈತರೊಬ್ಬರು ಮೊಬೈಲಿನಲ್ಲಿ ಗಂಗಾಧರನದೇ ಭಾಷಣ ಕೇಳುತ್ತಿದ್ದರು.

‘ಈ ಕಲ್ತವರ ನಮ್ಮನ್ನ ಹಾಳ ಮಾಡಿದ್ದು ನೋಡ್ರಿ,’ ಎಂದರು.

‘ನಾನೂ ಕಲ್ತಾವನ. ಮಾಸ್ತರಿದ್ದೆ.’

‘ನಿಮ್ಮಂಥಾವರಲ್ಲ ಬಿಡ್ರಿ.’

‘ಮತ್ತ ಯಾರು?’

‘ಬ್ಯಾರೇದವರು ಇರತಾರಲ್ರಿ,’ ಎಂದು ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದರು. ರಾಮದುರ್ಗದವರೆಗೆ ಇಬ್ಬರೂ ಅದನ್ನೇ ತಿಂದೆವು.

ಅಲ್ಲಿ ಗಂಗಾಧರನ ಪಕ್ಷದ ಮಧ್ಯಾಹ್ನದ ಸಭೆಯಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಕಚೇರಿಗಳಲ್ಲಿ ಇಂಗ್ಲಿಷಿನ ಸಾಹೇಬರು ನಿಮ್ಮನ್ನು ಹೊರಗೆ ನಿಲ್ಲಿಸುತ್ತಾರೆ ಎಂದು ಗಂಗಾಧರ ಹೇಳಿದಾಗ ಚಪ್ಪಾಳೆ ಬಿತ್ತು. ಅದು ಸುಳ್ಳಲ್ಲ, ನನ್ನ ಕೈಯೂ ಎದ್ದಿತ್ತು. ಅದೇ ಉಸಿರಿನಲ್ಲಿ ಅವನು, ಆ ಸಾಹೇಬರು ನಿಮ್ಮ ಪಾಲನ್ನು ‘ಅವರಿಗೆ’ ಕೊಡುತ್ತಾರೆ ಎಂದ. ಅವರು ಯಾರೆಂದು ಹೇಳಲಿಲ್ಲ. ಎಲ್ಲರಿಗೂ ತಿಳಿದಿತ್ತು. ಕಾಲುವೆಗೆ ನೀರು ಬರದಿದ್ದಕ್ಕೂ ಶಾಲೆಗೆ ಮಾಸ್ತರರಿಲ್ಲದ್ದಕ್ಕೂ ಸಾಹೇಬರು ಮತ್ತು ‘ಅವರು’, ಈ ಇಬ್ಬರೇ ಕಾರಣರಾದರು.

ಸಭೆ ಮುಗಿದ ಮೇಲೆ ಗಂಗಾಧರ ಓಡಿಬಂದು ಕಾಲು ಮುಟ್ಟಿದ. ನಾನು ಫೋಟೊ ತೋರಿಸಿದೆ.

‘ಸರ, ದೇವರಾಣಿ, ನೀವಂತ ಗೊತ್ತಾಗಲಿಲ್ರಿ. ಈಗ ತೆಗೀತೇನಿ,’ ಎಂದು ಅಲ್ಲಿಯೇ ಮೊಬೈಲಿನಲ್ಲಿ ಬೆರಳಾಡಿಸಿ ನನ್ನ ಕಡೆ ತಿರುಗಿಸಿದ. ಫೋಟೊದಲ್ಲಿ ನಾನಿದ್ದ ಅರ್ಧ ಕತ್ತರಿಸಿಹೋಗಿತ್ತು. ದಸ್ತಗೀರಣ್ಣ ಒಬ್ಬನೇ ಉಳಿದಿದ್ದ.

‘ಅವನೇನು ಮಾಡ್ಯಾನೋ?’

‘ಏನೂ ಮಾಡಿಲ್ರಿ. ಆದ್ರ ಯಾರನ್ನೂ ತೋರಸದಿದ್ರ ಸಭಾದಾಗ ಮಂದಿ ಕುಂದ್ರೂದಿಲ್ರಿ ಸರ.’

‘ಹಂಗಿದ್ರ ನನ್ನನ್ನೂ ಇಡು.’

ಅವನು ನಕ್ಕ, ಚಹಾ ತರಿಸಲೇ ಎಂದು ಕೇಳಿದ. ನಾನು ಬಸ್ ನಿಲ್ದಾಣಕ್ಕೆ ನಡೆದೆ.

ಸಂಜೆ ಬೈಲಹೊಂಗಲದಲ್ಲಿ ದಸ್ತಗೀರಣ್ಣ ಕೇಳಿದ: ‘ಏನಂದಾನ್ರಿ?’

‘ನನ್ನ ತೆಗದಾನ.’

‘ನನ್ನ?’

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಗಾದಿಯ ಹೊಲಿಗೆಗೆ ಬಗ್ಗಿದ. ನಾನು ಒಳಗಿದ್ದ ಕುರ್ಚಿಯನ್ನು ರಸ್ತೆಗೆ ಕಾಣುವಂತೆ ಬಾಗಿಲಿಗೆ ಎಳೆದು ಕುಳಿತೆ. ಹೋಗಿಬರುವವರು ನೋಡುತ್ತಿದ್ದರು. ಕಿತ್ತೂರಿನ ಬಸ್ಸು ಎದುರಿಗೇ ಹೋಯಿತು. ನಾನು ಏಳಲಿಲ್ಲ.